ದುಡ್ಡಿಲ್ಲದ ಫೋಟೋ ಶೂಟ್‌ಗೆ ಒಪ್ಪುವ ಮುನ್ನ: ಹಳೇ ಸೀರೆಯಿಂದ ಉಡುಪು ಮಾಡುವವರಿಗೆ

ಪ್ರಶ್ನೆ: ಧಾರವಾಡದಲ್ಲಿ ಮನೆಯಿಂದಲೇ ಹೊಲಿಗೆ ಕೆಲಸ ಮಾಡುತ್ತೇನೆ. ಹಳೆಯ ಇಳಕಲ್ ಸೀರೆ, ಗುಳೇದಗುಡ್ಡ ಖಣದ ತುಂಡು, ಹರಿದ ಕೌದಿ, ಟೇಲರ್ ಅಂಗಡಿಯ ಚಿಂದಿ ಸೇರಿಸಿ ಜಾಕೆಟ್, ಕುರ್ತಾ, ಲಂಗ ಮಾಡುತ್ತೇನೆ. ಎಲ್ಲವೂ ಒಂದೊಂದೇ ಪೀಸ್. ಹುಬ್ಬಳ್ಳಿಯ ಫೋಟೋಗ್ರಾಫರ್ ಒಬ್ಬರು ‘ಕೊಲ್ಯಾಬ್ ಮಾಡೋಣ, ಯಾರಿಗೂ ದುಡ್ಡು ಬೇಡ, ಮಾಡೆಲ್, ಮೇಕಪ್‌ನವರನ್ನು ನಾನೇ ಕರೆತರ್ತೀನಿ, ನೀವು ಬಟ್ಟೆ ಕೊಟ್ಟರೆ ಸಾಕು’ ಅಂದಿದ್ದಾರೆ. ಒಪ್ಪಬಹುದೇ? ಏನೇನು ಮಾತಾಡಿಕೊಳ್ಳಬೇಕು? ಬಟ್ಟೆ ಹಳೆಯವು, ಹಾಳಾದರೆ ಎಂಬ ಭಯವೂ ಇದೆ.

ಉತ್ತರ: ಒಪ್ಪಬಹುದು. ‘ಬಟ್ಟೆ ಕೊಟ್ಟರೆ ಸಾಕು’ ಅನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ಆ ಮಾತಿನ ಹಿಂದೆ ಕೆಟ್ಟ ಉದ್ದೇಶ ಇರುತ್ತದೆ ಅಂತಲ್ಲ. ಹಾಗೆ ನಡೆದ ಶೂಟ್‌ನಿಂದ ನಿಮ್ಮ ಕೈಗೆ ಚೆಂದದ ನಾಲ್ಕು ಫೋಟೋ ಬರುತ್ತವೆ, ಮಾರಾಟಕ್ಕೆ ಒದಗುವಂಥದ್ದು ಒಂದೂ ಇರುವುದಿಲ್ಲ.

ಕೊಲ್ಯಾಬ್‌ಗೆ ಬರುವ ಒಬ್ಬೊಬ್ಬರಿಗೂ ಬೇಕಾದದ್ದು ಬೇರೆ ಬೇರೆ. ಫೋಟೋಗ್ರಾಫರ್‌ಗೆ ಪೋರ್ಟ್‌ಫೋಲಿಯೊದಲ್ಲಿ (ತಮ್ಮ ಕೆಲಸ ತೋರಿಸುವ ಸಂಗ್ರಹ) ಹಾಕಿಕೊಳ್ಳುವಂಥ ಐದಾರು ಚಿತ್ರ, ಮೇಕಪ್‌ನವರಿಗೆ ಮುಖದ ಕ್ಲೋಸ್‌ಅಪ್, ಮಾಡೆಲ್‌ಗೆ ಒಂದಕ್ಕೊಂದು ಹೋಲದ ಲುಕ್‌ಗಳು. ನಿಮ್ಮ ಜಾಕೆಟ್‌ನ ಬೆನ್ನು ಹೇಗಿದೆ, ಒಳಗೆ ಅಸ್ತರ್ (ಒಳಪದರ) ಹೇಗೆ ಕೂತಿದೆ ಅನ್ನುವುದು ಅವರಲ್ಲಿ ಯಾರಿಗೂ ಬೇಕಿಲ್ಲ, ನಿಮಗೆ ಬೇಕು. ಸಾವಿರ ಕುರ್ತಾ ಒಂದೇ ಅಚ್ಚಿನಲ್ಲಿ ಹೊಲಿಸುವ ಕಂಪನಿ ಒಂದು ಸೆಟ್ ಫೋಟೋ ತೆಗೆಸಿದರೆ ಅದೇ ಸಾವಿರವನ್ನೂ ಮಾರಿಕೊಡುತ್ತದೆ. ನಿಮ್ಮಲ್ಲಿ ಪೀಸ್‌ಗೊಂದು ಸೆಟ್ ಬೇಕು, ಆ ಪೀಸ್ ಮಾರಿಹೋದ ಮೇಲೆ ಆ ಸೆಟ್‌ನ ಕೆಲಸ ಮುಗಿಯಿತು. ಅಂದರೆ ಇಡೀ ಶೂಟ್‌ನಲ್ಲಿ ಹೆಚ್ಚು ಬೆವರು ಬೇಡುವ ಕೆಲಸ, ಅಂದರೆ ಮಾರಾಟಕ್ಕಾಗಿ ಉಡುಪನ್ನು ಎಲ್ಲ ಬದಿಯಿಂದ ತೋರಿಸುವ ಕ್ಯಾಟಲಾಗ್ ಫೋಟೋ, ನಿಮ್ಮೊಬ್ಬರಿಗೇ ಬೇಕಾದದ್ದು. ಇದನ್ನು ಮೊದಲ ಫೋನಿನಲ್ಲೇ ಬಿಚ್ಚಿ ಹೇಳಿ: ‘ಅರ್ಧ ಹೊತ್ತು ಕ್ಯಾಟಲಾಗ್, ಅರ್ಧ ಹೊತ್ತು ನಿಮ್ಮ ಇಷ್ಟದ್ದು.’ ಒಳ್ಳೆಯ ಫೋಟೋಗ್ರಾಫರ್‌ಗಳು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರಾಗುವುದು ಶೂಟ್‌ನ ನಡುವೆ ‘ಇನ್ನೊಂದು ಬೆನ್ನಿನ ಫೋಟೋ ತೆಗೀರಿ’ ಅಂತ ಹತ್ತು ಸಲ ಕೇಳಿದಾಗ.

ಕ್ಯಾಟಲಾಗ್ ಮೊದಲು, ಅವರ ಇಷ್ಟದ ಕ್ರಿಯೇಟಿವ್ ಆಮೇಲೆ. ಇಸ್ತ್ರಿ, ಮೇಕಪ್, ಮಾಡೆಲ್‌ನ ತಾಳ್ಮೆ ಮೂರೂ ಹೊಸದಾಗಿರುವಾಗ ಕ್ಯಾಟಲಾಗ್ ಮುಗಿದುಬಿಡಬೇಕು. ಹೀಗಾಗಿ ಬೆಳಿಗ್ಗೆ ಶುರು ಮಾಡುವುದಕ್ಕಿಂತ ಮಧ್ಯಾಹ್ನ ಶುರು ಮಾಡುವುದು ಲೇಸು. ಒಂದು ಗಂಟೆಗೆ ಮೇಕಪ್ಪಿಗೆ ಕೂತರೆ ಎರಡರಿಂದ ನಾಲ್ಕರವರೆಗೆ ಪಡಸಾಲೆಯ ನೆರಳಲ್ಲಿ ಕ್ಯಾಟಲಾಗ್ ಆಗುತ್ತದೆ. ಆಮೇಲೆ ಚಹಾ. ನಾಲ್ಕೂವರೆಯಿಂದ ಹೊತ್ತು ಮುಳುಗುವ ತನಕದ ಬಂಗಾರದ ಬೆಳಕು ಪೂರ್ತಿ ಫೋಟೋಗ್ರಾಫರ್ ಪಾಲಿಗೆ. ನೆರಳಿನ ಬೆಳಕು ಕ್ಯಾಟಲಾಗಿಗೆ ಸಾಕು, ಸಂಜೆ ಬೆಳಕು ಅವರಿಗೆ ಬೇಕು. ಬೆಳಿಗ್ಗೆ ಇಟ್ಟುಕೊಂಡರೆ ಇಬ್ಬರೂ ಒಂದೇ ಬೆಳಕಿಗೆ ಕಿತ್ತಾಡುತ್ತೀರಿ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಏಳರ ಸುಮಾರಿಗೆ. ಒಂಬತ್ತೂವರೆ ಹೊತ್ತಿಗೆ ಬಿಸಿಲು ಖಡಕ್ ಆಗಿರುತ್ತದೆ.

ಎಷ್ಟು ಬಟ್ಟೆ? ಆರು. ಹದಿನೈದು ಪೀಸ್ ಚೀಲಕ್ಕೆ ತುಂಬಿಕೊಂಡು ಹೋಗುವ ಆಸೆ ಎಲ್ಲರಿಗೂ ಇರುತ್ತದೆ. ಲೆಕ್ಕ ಹಾಕಿ: ಬದಲಿಸಲು 6 ನಿಮಿಷ, ಸರಿಮಾಡಿ ನೂಲು, ಕೂದಲು ತೆಗೆಯಲು 3, ಫೋಟೋಗೆ 11, ಒಂದಕ್ಕೆ 20 ನಿಮಿಷ. ಆರು ಉಡುಪಿಗೆ ಸರಿಯಾಗಿ ಎರಡು ತಾಸು. ಆರರಲ್ಲಿ ಎರಡೋ ಮೂರೋ ಮಾತ್ರ ಸಂಜೆಯ ಕ್ರಿಯೇಟಿವ್ ಭಾಗಕ್ಕೆ ಇಟ್ಟುಕೊಳ್ಳಿ, ಯಾವುವು ಅಂತ ಫೋಟೋಗ್ರಾಫರೇ ಆರಿಸಲಿ. ನಡುವೆ ಮೇಕಪ್‌ನವರಿಗೂ ಎರಡು ನಿಮಿಷ ಮುಖದ ಕ್ಲೋಸ್‌ಅಪ್‌ಗೆ ಬಿಡಿ. ಅದನ್ನು ಮರೆತರೆ ಮುಂದಿನ ಸಲ ಅವರು ಬರುವುದಿಲ್ಲ.

ಒಂದು ಉಡುಪಿಗೆ ಬೇಕಾದ ಫೋಟೋಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ: ಎದುರು, ಬೆನ್ನು, ಪಕ್ಕ, ನಡೆಯುವಾಗ ಒಂದು, ಹೊಲಿಗೆಯ ಕ್ಲೋಸ್‌ಅಪ್ ಎರಡು, ಒಳಮೈ ಒಂದು, ಕುಂದು ಒಂದು. ಒಟ್ಟು ಎಂಟು. ಒಳಮೈ ಏಕೆಂದರೆ ಕಸೂತಿಯ ಗವಂತಿ ಮತ್ತು ಮುರಗಿ ಹೊಲಿಗೆ ಎರಡೂ ಮಗ್ಗುಲಿಗೆ ಒಂದೇ ಥರ ಕಾಣುತ್ತವೆ. ಅದು ಕೈಕೆಲಸ ಅನ್ನುವುದಕ್ಕೆ ಒಳಮೈಯ ಒಂದು ಫೋಟೋಗಿಂತ ದೊಡ್ಡ ಸಾಕ್ಷಿ ಇಲ್ಲ. ಯಂತ್ರದ ಎಂಬ್ರಾಯ್ಡರಿಯ ಬೆನ್ನು ಬೇರೆಯೇ ಇರುತ್ತದೆ. ಕುಂದಿನ ಫೋಟೋ ಅಂದರೆ ರಫೂ ಮಾಡಿದ (ಹರಿದದ್ದನ್ನು ದಾರದಿಂದ ಹೆಣೆದು ಮುಚ್ಚಿದ) ಜಾಗ, ಹಳೇ ಕಲೆ, ಬಣ್ಣ ಮಾಸಿದ ಅಂಚು. ಮುಚ್ಚಿಟ್ಟರೆ ಪಾರ್ಸೆಲ್ ವಾಪಸ್ ಬರುತ್ತದೆ, ತೋರಿಸಿದರೆ ಅದನ್ನೇ ಇಷ್ಟಪಟ್ಟು ಕೊಳ್ಳುವವರು ಸಿಗುತ್ತಾರೆ.

ಇನ್ನು ಬಟ್ಟೆಯ ವಿಷಯ. ನಿಮ್ಮ ಭಯ ಸರಿಯಾದದ್ದೇ. ಹೊಸ ಬಟ್ಟೆ ಹರಿದರೆ ಮತ್ತೆ ಹೊಲಿಯಬಹುದು, ನಿಮ್ಮದಕ್ಕೆ ಮತ್ತೆ ಕತ್ತರಿಸಿಕೊಳ್ಳಲು ಬಟ್ಟೆಯ ಥಾನು ಇಲ್ಲ.

ಶೂಟ್‌ಗೆ ಒಂದು ವಾರ ಮುಂಚೆ ಒಂದೊಂದೇ ಉಡುಪನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹಳೇ ರೇಷ್ಮೆ ಮೊದಲು ಬಿರುಕು ಬಿಡುವುದು ವರ್ಷಗಟ್ಟಲೆ ಮಡಚಿಟ್ಟಿದ್ದ ಗೆರೆಗಳ ಮೇಲೆ. ಆ ಗೆರೆಯ ಎರಡೂ ಕಡೆ ಹೆಬ್ಬೆರಳು ಇಟ್ಟು ಮೆಲ್ಲಗೆ ಎಳೆಯಿರಿ. ಎಳೆಗಳು ಅಗಲವಾಗಿ ಬಿಡಿಸಿಕೊಂಡರೆ ಅದರ ಹಿಂದೆ ತೆಳು ಹತ್ತಿ ಬಟ್ಟೆಯನ್ನು ಕಚ್ಚಾ ಹೊಲಿಗೆಯಲ್ಲಿ ಕೂರಿಸಿ. ಪೇಸ್ಟಿಂಗ್ ಹಾಕಬೇಡಿ. ಬಿಸಿಗೆ ಅಂಟಿಸುವ ಪೇಸ್ಟಿಂಗ್ ಒಮ್ಮೆ ಹತ್ತಿದರೆ ತೆಗೆಯಲು ಹೋದಾಗ ಎಳೆಯನ್ನೂ ಕಿತ್ತುಕೊಂಡೇ ಬರುತ್ತದೆ. ಇಳಕಲ್ ಸೀರೆಯಲ್ಲಿ ಮೈಯನ್ನೂ ಸೆರಗನ್ನೂ ಕೂಡಿಸುವ ಕೊಂಡಿಯ ಜಾಗ ನಿಮ್ಮ ವಿನ್ಯಾಸದಲ್ಲಿ ಎಲ್ಲಿ ಬಂದಿದೆ ನೋಡಿ. ಹತ್ತಿ ಮೈ, ರೇಷ್ಮೆ ಸೆರಗಿನ ಸೀರೆಯಲ್ಲಿ ಆ ಗೆರೆಯ ಎರಡೂ ಬದಿಯ ಎಳೆತ ಬೇರೆ ಬೇರೆ. ಅದು ತೋಳಿನ ಕಂಕುಳಿಗೋ ಮೊಣಕೈಗೋ ಬಂದಿದ್ದರೆ ಮಾಡೆಲ್‌ಗೆ ‘ಈ ಜಾಕೆಟ್‌ನಲ್ಲಿ ಕೈ ತಲೆ ಮೇಲೆ ಎತ್ತಬೇಡಿ’ ಅಂತ ಮೊದಲೇ ಹೇಳಿ.

ಬಣ್ಣ ಬಿಡುತ್ತದೋ ಎಂದೂ ನೋಡಬೇಕು. ಒಳಹೊಲಿಗೆಯ ಮಾರ್ಜಿನ್ ಮೇಲೆ ಒದ್ದೆ ಬಿಳಿ ಬಟ್ಟೆಯನ್ನು ಹದಿನೈದು ಸೆಕೆಂಡ್ ಒತ್ತಿಹಿಡಿಯಿರಿ. ಕೆಂಪು ಹತ್ತಿತೆಂದರೆ ಅದರ ಒಳಗೆ ಬಿಳಿ ಸ್ಲಿಪ್ (ಒಳಉಡುಪು) ಕೊಡಬೇಡಿ, ಬೆವರುವ ಹೊತ್ತಿನಲ್ಲಿ ಆ ಉಡುಪನ್ನು ತೊಡಿಸಬೇಡಿ. ಬೆವರು ರೇಷ್ಮೆಗೆ ಹೇಗೂ ಶತ್ರು. ಮಾರ್ಚ್‌ನಿಂದ ಮೇ ತನಕ ರೇಷ್ಮೆ ಜಾಕೆಟ್‌ಗಳ ಶೂಟ್ ಇಟ್ಟುಕೊಳ್ಳದಿರುವುದೇ ಒಳ್ಳೆಯದು. ಧಾರವಾಡದ ಮಳೆಗಾಲದ ಮೋಡ ಕವಿದ ಮಧ್ಯಾಹ್ನಗಳು, ಮಳೆ ಬಿಡುವು ಕೊಟ್ಟರೆ, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿರುತ್ತವೆ: ಮೆತ್ತನೆಯ ಬೆಳಕು, ತಂಪು.

ಪಾರದರ್ಶಕತೆ ಬಹಳ ಜನ ಮರೆಯುವ ಸಂಗತಿ. ಉಟ್ಟು ಉಟ್ಟು ಸವೆದ ಹತ್ತಿ ಸೀರೆ ಮನೆಯ ಬೆಳಕಲ್ಲಿ ದಪ್ಪಗೇ ಕಾಣುತ್ತದೆ. ಫ್ಲ್ಯಾಶ್ ಬಿದ್ದಾಗ, ಇಲ್ಲವೇ ಸಂಜೆ ಸೂರ್ಯ ಮಾಡೆಲ್‌ನ ಬೆನ್ನಿಗಿದ್ದಾಗ ಲಂಗದೊಳಗೆ ಕಾಲಿನ ಆಕಾರ ಪೂರ್ತಿ ಕಾಣುತ್ತದೆ. ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೋ, ಟಾರ್ಚನ್ನು ಬಟ್ಟೆಯ ಹಿಂದಿಟ್ಟು ಒಂದು ಫೋಟೋ ತೆಗೆದು ನೋಡಿ. ಅಸ್ತರ್ ಇಲ್ಲದಿದ್ದರೆ ಮೈಬಣ್ಣದ ಸ್ಲಿಪ್ ನಿಮ್ಮ ಚೀಲದಲ್ಲಿರಲಿ. ಇದು ಬಟ್ಟೆಯ ವಿಷಯಕ್ಕಿಂತ ಹೆಚ್ಚಾಗಿ ಆ ಹುಡುಗಿಯ ಮರ್ಯಾದೆಯ ವಿಷಯ.

ಮಾಡೆಲ್‌ನ ಅಳತೆಯನ್ನು ವಾರದ ಮುಂಚೆ ತರಿಸಿಕೊಳ್ಳಿ: ಎತ್ತರ, ಭುಜ, ಎದೆ, ಸೊಂಟ, ಹಿಪ್, ಇಂಚಿನಲ್ಲಿ. ‘ಎಂ ಸೈಜ್’ ಅಂದರೆ ಏನೂ ಹೇಳಿದ ಹಾಗಲ್ಲ. ಉಡುಪು ದೊಡ್ಡದಾದರೆ ಸ್ಟೈಲಿಸ್ಟ್‌ಗಳು ಬೆನ್ನಲ್ಲಿ ಕ್ಲಿಪ್ ಹಾಕಿ ಬಿಗಿ ಮಾಡುತ್ತಾರೆ, ಎದುರಿನಿಂದ ಹೊಲಿಸಿದಂತೆ ಕಾಣುತ್ತದೆ. ಕ್ರಿಯೇಟಿವ್ ಫೋಟೋಗೆ ಅದು ನಡೆಯುತ್ತದೆ. ಕ್ಯಾಟಲಾಗಿನಲ್ಲಿ ಬೇಡ, ನೋಡಿದವರು ಆ ಫಿಟ್ಟಿಂಗ್ ಅಂದುಕೊಂಡೇ ಕೊಳ್ಳುತ್ತಾರೆ, ನಿಮ್ಮಲ್ಲಿ ಬದಲಿ ಕೊಡಲು ಇನ್ನೊಂದು ಸೈಜ್ ಇಲ್ಲ. ಕ್ಲಿಪ್ ಹಾಕಲೇಬೇಕಾದರೆ ಚಪ್ಪಟೆ ಹಲ್ಲಿನದ್ದನ್ನು, ನಡುವೆ ಮಡಚಿದ ಬಟ್ಟೆಯ ತುಂಡು ಇಟ್ಟು ಹಾಕಿ. ಹಳೇ ರೇಷ್ಮೆಗೆ ಪಿನ್ನು ಚುಚ್ಚಬೇಡಿ. ತೂತು ಮುಚ್ಚಿಕೊಳ್ಳುವುದಿಲ್ಲ. ಎರಡೂ ಬದಿ ಅಂಟಿನ ಟೇಪ್ ಜರಿಯ ಮೇಲೂ ಬೇಡ.

ತೊಡುವ ಕ್ರಮ ಸಣ್ಣ ವಿಷಯವಲ್ಲ. ಮೇಕಪ್ ಮುಗಿದ ಮೇಲೆ ತಲೆಯಿಂದ ಹಾಕುವ ಕುರ್ತಾ ತೊಡಿಸಿದರೆ ಕತ್ತಿನ ಪಟ್ಟಿಗೆ ಫೌಂಡೇಶನ್ ಮೆತ್ತುವುದು ಖಂಡಿತ. ತಲೆಗೆ ತೆಳ್ಳನೆಯ ಓಢಣಿ ಹೊದಿಸಿ, ಅದರ ಮೇಲಿಂದ ಕುರ್ತಾ ಇಳಿಸಿ, ಆಮೇಲೆ ಓಢಣಿ ಎಳೆದುಕೊಳ್ಳಿ. ಆದಷ್ಟೂ ಮುಂದೆ ಗುಂಡಿ ಇರುವ ಉಡುಪುಗಳನ್ನು ಮೊದಲು, ತಲೆಯಿಂದ ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ. ಎಣ್ಣೆ ಅಂಶದ ಕಲೆಯಾದರೆ ಒದ್ದೆ ಬಟ್ಟೆಯಿಂದ ಉಜ್ಜಲು ಯಾರಿಗೂ ಬಿಡಬೇಡಿ. ಟಾಲ್ಕಂ ಪೌಡರ್ ಉದುರಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮೃದುವಾದ ಬ್ರಶ್‌ನಿಂದ ಕೊಡವಿ. ರೇಷ್ಮೆಯ ಮೇಲೆ ನೀರಿನ ಹನಿಯೂ ಕಲೆಯಾಗಿ ಉಳಿಯುತ್ತದೆ. ಸ್ಟೀಮರ್ ಬಳಸುವವರು ಮೊದಲ ಹಬೆಯನ್ನು ಬೇರೆ ಬಟ್ಟೆಯ ಮೇಲೆ ಬಿಟ್ಟು, ಹನಿ ಉದುರುವುದು ನಿಂತ ಮೇಲೆ ಉಡುಪಿಗೆ ಹಿಡಿಯಬೇಕು. ಕಸೂತಿ ಇರುವ ಭಾಗವನ್ನು ಟವೆಲ್ ಮೇಲೆ ಮುಖ ಕೆಳಗೆ ಮಾಡಿ ಇಸ್ತ್ರಿ ಹೊಡೆಯಿರಿ, ಇಲ್ಲದಿದ್ದರೆ ಹೊಲಿಗೆ ಚಪ್ಪಟೆಯಾಗಿ ಅದರ ಉಬ್ಬು ಸಾಯುತ್ತದೆ.

ಚೀಲದಲ್ಲಿ ಸೂಜಿ, ಆಯಾ ಉಡುಪಿನದ್ದೇ ದಾರ, ಕತ್ತರಿ, ಕ್ಲಿಪ್, ಅಂಟು ರೋಲರ್, ಮೇಲೆ ಹೇಳಿದ ಓಢಣಿ, ಪೌಡರ್, ಬಟ್ಟೆ ಬದಲಿಸುವಾಗ ನೆಲಕ್ಕೆ ಹಾಸಲು ಬಿಳಿ ಬೆಡ್‌ಶೀಟ್ ಇರಲಿ. ಹೊರಗೆ ಶೂಟ್ ಇದ್ದರೆ ಇನ್ನೊಂದು ಹಳೇ ಚಾದರ: ನಿಂತುಕೊಳ್ಳುವ ಜಾಗದ ತನಕ ಅದರ ಮೇಲೆ ನಡೆದು ಹೋಗಲಿ. ಎರೆ ಮಣ್ಣು ಲಂಗದ ಅಂಚಿಗೆ ಹತ್ತಿದರೆ ಸುಲಭಕ್ಕೆ ಹೋಗದು. ಹೊರಡುವ ಮುನ್ನ ಪ್ರತಿ ಉಡುಪಿಗೂ ನಂಬರ್ ಚೀಟಿ ಕಟ್ಟಿ, ಮೊಬೈಲಿನಲ್ಲಿ ಎದುರು, ಬೆನ್ನು, ಇರುವ ಕುಂದುಗಳ ಫೋಟೋ ತೆಗೆದು ಶೂಟ್‌ನವರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಹಾಕಿ. ಹಿಂದಿರುಗಿ ಬಂದಾಗ ಹೊಸ ಹರುಕು ಯಾವುದು, ಹಳೇದು ಯಾವುದು ಎಂಬ ವಾದವೇ ಏಳುವುದಿಲ್ಲ.

ಬೆಳಕಿನ ಬಗ್ಗೆ ಫೋಟೋಗ್ರಾಫರ್‌ಗೆ ನೀವೇನು ಹೇಳುವುದು ಅನ್ನಿಸಬಹುದು. ಅವರಿಗೆ ಮುಖಕ್ಕೆ ಬೆಳಕು ಹಾಕುವುದು ಗೊತ್ತು, ನಿಮ್ಮ ಬಟ್ಟೆ ಏನು ಕೇಳುತ್ತದೆ ಅನ್ನುವುದು ನಿಮಗೆ ಗೊತ್ತು. ಕೌದಿಯನ್ನೇ ತೆಗೆದುಕೊಳ್ಳಿ. ಅದರ ಚೆಲುವೆಲ್ಲ ಸಾಲು ಸಾಲು ಹೊಲಿಗೆಗಳ ನಡುವೆ ಬಟ್ಟೆ ಉಬ್ಬಿ ತಗ್ಗಿರುವುದರಲ್ಲಿದೆ. ಎದುರಿನಿಂದ ರಿಂಗ್ ಲೈಟೋ, ಕ್ಯಾಮೆರಾ ಮೇಲಿನ ಫ್ಲ್ಯಾಶೋ ಬಿದ್ದರೆ ಆ ಉಬ್ಬು ತಗ್ಗುಗಳ ನೆರಳೇ ಇರುವುದಿಲ್ಲ. ಚಿತ್ರದಲ್ಲಿ ಅದು ಕೌದಿಯಲ್ಲ, ಪ್ರಿಂಟ್ ಮಾಡಿದ ಚೌಕುಳಿ ಬಟ್ಟೆ. ಬೆಳಕು ಪಕ್ಕದಿಂದ, ಕ್ಯಾಮೆರಾ ನೋಡುವ ದಿಕ್ಕಿಗೆ 60ರಿಂದ 80 ಡಿಗ್ರಿಯಷ್ಟು ಓರೆಯಾಗಿ ಬರಬೇಕು. ಮಾಡೆಲ್ ಕಿಟಕಿಯ ಪಕ್ಕ ನಿಂತು, ಕಿಟಕಿ ಅವರ ಭುಜದ ನೇರಕ್ಕಿದ್ದರೆ ಅಷ್ಟೇ ಸಾಕು. ಇನ್ನೊಂದು ಮಗ್ಗುಲು ತೀರಾ ಕಪ್ಪಾದರೆ ಬಿಳಿ ಥರ್ಮಾಕೋಲ್ ಹಾಳೆಯೊಂದನ್ನು ಒಂದೆರಡು ಅಡಿ ದೂರದಲ್ಲಿ ನಿಲ್ಲಿಸಿ. ಹೊಲಿಗೆಯ ಕ್ಲೋಸ್‌ಅಪ್‌ಗೆ ಆ ಥರ್ಮಾಕೋಲನ್ನೂ ತೆಗೆದುಬಿಡಿ.

ಖಣಕ್ಕೆ ಬೇರೆ ತೊಂದರೆ. ಅದರ ಸಣ್ಣ ಒತ್ತಾದ ಬುಟ್ಟಾ ಚಿತ್ತಾರಗಳು, ಇಳಕಲ್ ಮೈಯ ಕಿರುಗೆರೆ, ಕಿರುಚೌಕುಳಿಗಳು ಕ್ಯಾಮೆರಾ ಸೆನ್ಸರ್‌ನ ಸಾಲುಗಳೊಂದಿಗೆ ಘರ್ಷಿಸಿ ಬಟ್ಟೆಯ ಮೇಲೆ ಇಲ್ಲದ ಅಲೆಗಳನ್ನು, ಕಾಮನಬಿಲ್ಲಿನ ಬಣ್ಣಗಳನ್ನು ಮೂಡಿಸುತ್ತವೆ. ಇದಕ್ಕೆ ‘ಮ್ವಾರೆ’ (moiré) ಅನ್ನುತ್ತಾರೆ. ಎಡಿಟಿಂಗ್‌ನಲ್ಲಿ ತೆಗೆಯಲು ಹೋದರೆ ಬಟ್ಟೆಯ ವಿವರವೂ ಹೋಗುತ್ತದೆ, ಹಾಗಾಗಿ ಅಲ್ಲೇ ಹಿಡಿಯಬೇಕು. ಮೊದಲ ಎರಡು ಫ್ರೇಮ್ ಆದ ಕೂಡಲೇ ಕ್ಯಾಮೆರಾ ಪರದೆಯಲ್ಲಿ 100% ಹಿಗ್ಗಿಸಿ ನೋಡಲು ಹೇಳಿ. ಚಿಕ್ಕದಾಗಿ ನೋಡುವಾಗ ಕಾಣುವ ಅಲೆ ಒಮ್ಮೊಮ್ಮೆ ಪರದೆಯದ್ದೇ ಆಗಿರುತ್ತದೆ. ನಿಜವಾಗಿಯೂ ಇದ್ದರೆ ಅರ್ಧ ಮೀಟರ್ ಮುಂದೆ ಅಥವಾ ಹಿಂದೆ ಸರಿದರೆ, ಇಲ್ಲವೇ ಮಾಡೆಲ್ ಸ್ವಲ್ಪ ತಿರುಗಿದರೆ ಹೆಚ್ಚಿನ ಸಲ ಹೋಗುತ್ತದೆ.

ಕೆಂಪಿನದ್ದೇ ದೊಡ್ಡ ರಗಳೆ. ಇಳಕಲ್ ಸೆರಗಿನ ಆ ದಟ್ಟ ಕೆಂಪು ಕ್ಯಾಮೆರಾದ ಕೆಂಪು ಚಾನೆಲ್ಲನ್ನು ಬೇರೆ ಎರಡಕ್ಕಿಂತ (ಹಸಿರು, ನೀಲಿ) ಮೊದಲೇ ತುಂಬಿಬಿಡುತ್ತದೆ. ಒಟ್ಟಾರೆ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆ ತೋರಿಸುವ ಕ್ಯಾಮೆರಾದ ನಕ್ಷೆ) ಸರಿಯಾಗಿಯೇ ಕಾಣುತ್ತದೆ, ಸೆರಗು ಮಾತ್ರ ನೆರಿಗೆ, ನೇಯ್ಗೆ ಒಂದೂ ಇಲ್ಲದ ಕೆಂಪು ಬಣ್ಣದ ತೇಪೆಯಂತಾಗಿರುತ್ತದೆ. ಮೂರೂ ಬಣ್ಣವನ್ನು ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ ನೋಡಿ, ಎಕ್ಸ್‌ಪೋಷರ್ (ಒಳಬಿಡುವ ಬೆಳಕು) ಅರ್ಧದಿಂದ ಒಂದು ಸ್ಟಾಪ್ (ಬೆಳಕಿನ ಅಳತೆಯ ಮೆಟ್ಟಿಲು) ಇಳಿಸಿ ತೆಗೆಯಬೇಕು. ರಾ ಫೈಲ್‌ನಲ್ಲಿ (ಕ್ಯಾಮೆರಾ ಬದಲಿಸದೆ ಉಳಿಸುವ ಮೂಲ ಕಡತ) ತೆಗೆದಿದ್ದರೆ ಮುಖವನ್ನು ಆಮೇಲೆ ಬೆಳಗಿಸಿಕೊಳ್ಳಬಹುದು, ತುಂಬಿ ಚೆಲ್ಲಿದ ಕೆಂಪನ್ನು ಮರಳಿ ತರುವುದು ಕಷ್ಟ. ಬಣ್ಣವನ್ನು ಕ್ಯಾಮೆರಾ ತಾನೇ ಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್ ಬೇಡ: ಫ್ರೇಮಿನ ತುಂಬ ಕೆಂಪಿದ್ದಾಗ ಅದು ಹಿಂಜರಿದು ಎಲ್ಲವನ್ನೂ ನೀಲಿ ಕಡೆಗೆ ಎಳೆಯುತ್ತದೆ, ಮುಂದಿನ ಉಡುಪು ಹಸಿರಾದರೆ ಇನ್ನೊಂದು ಕಡೆಗೆ. ಬೆಳಕು ಬದಲಾದಾಗಲೆಲ್ಲ ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಆಧಾರವಾಗುವ ಬೂದು ಹಾಳೆ) ಹಿಡಿದು ಒಂದು ಫ್ರೇಮ್ ತೆಗೆದರೆ ಎಡಿಟಿಂಗ್‌ನಲ್ಲಿ ಅರ್ಧ ಜಗಳ ಮುಗಿಯಿತು. ಕಿಟಕಿಯ ಬೆಳಕಲ್ಲಿ ತೆಗೆಯುವಾಗ ಮನೆಯ ಟ್ಯೂಬ್‌ಲೈಟ್, ಬಲ್ಬ್ ಎಲ್ಲ ಆರಿಸಿ. ಎರಡು ಥರದ ಬೆಳಕು ಬೆರೆತರೆ ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು.

ಹಿನ್ನೆಲೆ ಮಸುಕಾಗಿಸುವ ಎಫ್ 1.8 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಎಂಬ ಅಳತೆ) ಕ್ಯಾಟಲಾಗಿಗೆ ಸಲ್ಲದು: ಕಣ್ಣು ಸ್ಪಷ್ಟ, ತೋಳಿನ ಹೊಲಿಗೆ ಮಸುಕು. ಎಫ್ 5.6ರಿಂದ 8 ಕೇಳಿ. ಪೂರ್ತಿ ನಿಲುವಿನ ಫೋಟೋಗೆ ಕ್ಯಾಮೆರಾ ಮಾಡೆಲ್‌ನ ಸೊಂಟದ ಎತ್ತರಕ್ಕಿರಲಿ. ನಿಂತವರ ಕಣ್ಣಿನ ಎತ್ತರದಿಂದ ತೆಗೆದರೆ ತಲೆ ದೊಡ್ಡದಾಗಿ ಲಂಗ ಗಿಡ್ಡವಾಗುತ್ತದೆ. ಜಾಗ ಅಳೆದು ನೋಡಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸ್‌ಗೆ ತಲೆಯಿಂದ ಕಾಲಿನವರೆಗೆ ಹಿಡಿಯಲು ಸುಮಾರು 3 ಮೀಟರ್ ದೂರ ಬೇಕು, 85ಕ್ಕೆ 5 ಮೀಟರ್‌ಗೂ ಹೆಚ್ಚು. ಜಾಗ ಸಾಲದೆ ಅಗಲದ ಲೆನ್ಸ್ ಹಾಕಿದರೆ ಅಂಚು ಬಾಗುತ್ತದೆ, ನೀವು ನೇರ ಹೊಲಿದಿದ್ದರೂ ಸೊಟ್ಟ ಹೊಲಿದಂತೆ.

ಸ್ಥಳಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಬಾದಾಮಿ, ಪಟ್ಟದಕಲ್ಲು ಕಣ್ಣೆದುರು ಬರುತ್ತವೆ, ಆದರೆ ಅವು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು. ಮಾರಾಟದ ಉದ್ದೇಶದ ಶೂಟ್‌ಗೆ ಮುಂಚಿತ ಅನುಮತಿ ಬೇಕು, ಟ್ರೈಪಾಡ್ ಇಟ್ಟರೆ ಕಾವಲುಗಾರರು ತಡೆಯುತ್ತಾರೆ. ಕಾಲೇಜು ಆವರಣಕ್ಕೂ ಪತ್ರ ಬೇಕು. ಸುಣ್ಣ ಬಳಿದ ಗೋಡೆ ಇರುವ ಹಳೇ ಮನೆಯ ಪಡಸಾಲೆ ಆರು ಉಡುಪಿಗೆ ಧಾರಾಳ. ಕೌದಿ ಹೊಲಿಯುವ ಅಜ್ಜಿಯನ್ನೋ ಮಗ್ಗದ ಮುಂದೆ ಕೂತ ನೇಕಾರರನ್ನೋ ಹಿನ್ನೆಲೆಗೆ ಕೂರಿಸುವ ಐಡಿಯಾ ಯಾರಾದರೂ ತೆಗೆದೇ ತೆಗೆಯುತ್ತಾರೆ. ಅವರು ಮಾಡೆಲ್ ಆಗಿಯೇ ಬರುವುದಾದರೆ, ಕೇಳಿ, ದಿನಗೂಲಿ ಕೊಟ್ಟು ಕರೆಯಿರಿ. ಹಾಗಲ್ಲದಿದ್ದರೆ ಬೇಡ. ನಿಮ್ಮ ಜಾಕೆಟ್‌ಗೆ ಬಳಸಿದ ಕೌದಿಯನ್ನು ಹೊಲಿದವರು ಯಾರೆಂದು ಗೊತ್ತಿದ್ದರೆ, ಅವರ ಒಪ್ಪಿಗೆಯಿದ್ದರೆ, ಕ್ರೆಡಿಟ್‌ನಲ್ಲಿ ಮೇಕಪ್‌ನವರ ಜೊತೆ ಅವರ ಹೆಸರೂ ಬರಲಿ.

ಈಗ ಕಾಗದ ಪತ್ರ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋದ ಹಕ್ಕು ತೆಗೆದವರದ್ದು. ಯಾರಾದರೂ ಪ್ರತಿಫಲ ಕೊಟ್ಟು ತಮಗಾಗಿ ತೆಗೆಸಿದ್ದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ತೆಗೆಸಿದವರದ್ದು. ಕೊಲ್ಯಾಬ್ ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ: ದುಡ್ಡು ಕೊಟ್ಟಿಲ್ಲ, ಆದರೆ ಬಟ್ಟೆ ಕೊಟ್ಟಿದ್ದೀರಿ. ವಾದಕ್ಕೆ ಬಿಡುವ ಬದಲು ಬರೆದುಕೊಳ್ಳಿ. ಹಕ್ಕು ಫೋಟೋಗ್ರಾಫರ್‌ಗೇ ಇರಲಿ, ಅದಕ್ಕಾಗಿ ಹಗ್ಗ ಜಗ್ಗಬೇಡಿ. ನಿಮಗೆ ಬೇಕಾದದ್ದು ಬಳಸುವ ಅನುಮತಿ. ಆ ಅನುಮತಿಯಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು. ಮುಂದೆ ಹೊರದೇಶಕ್ಕೆ ಮಾರುವ ಯೋಚನೆ ಇರುವವರು ‘ಎಲ್ಲ ದೇಶಗಳಲ್ಲಿ’ ಎಂಬ ಎರಡು ಪದ ಮರೆಯಬಾರದು. ಛಾಪಾ ಕಾಗದ ಬೇಕಿಲ್ಲ. ಕೆಳಗಿನಂಥದ್ದನ್ನು ಗ್ರೂಪಿಗೆ ಹಾಕಿ, ಪ್ರತಿಯೊಬ್ಬರಿಂದ ‘ಓದಿದ್ದೇನೆ, ಒಪ್ಪಿಗೆ’ ಎಂದು ಹೆಸರಿನೊಂದಿಗೆ ಉತ್ತರ ಪಡೆಯಿರಿ. ಸಹಿ ಹಾಕಿದ ಪ್ರತಿ ಇದ್ದರೆ ಇನ್ನೂ ಗಟ್ಟಿ.

‘ಇಂಥ ದಿನ, ಇಂಥ ಸ್ಥಳ, ಮಧ್ಯಾಹ್ನ 1ರಿಂದ ಸಂಜೆ 6.30. ಉಡುಪು ನಂ. 1ರಿಂದ 6. ಯಾರಿಗೂ ಸಂಭಾವನೆ ಇಲ್ಲ. ಊಟ, ಮಾಡೆಲ್ ಓಡಾಟದ ಖರ್ಚು ಡಿಸೈನರ್‌ದು. ಮೇಕಪ್ ಆದ ಮೇಲೆ ಮೊದಲ ಎರಡು ತಾಸು ಕ್ಯಾಟಲಾಗ್: ಉಡುಪಿಗೆ 8 ಫೋಟೋ, ಒಟ್ಟು 48, ಶೂಟ್ ಆದ 15 ದಿನದೊಳಗೆ ಪೂರ್ಣ ಗಾತ್ರದಲ್ಲಿ, ವಾಟರ್‌ಮಾರ್ಕ್ ಇಲ್ಲದೆ. ಹಕ್ಕು ಫೋಟೋಗ್ರಾಫರ್‌ದು. ಡಿಸೈನರ್ ತಮ್ಮ ಅಂಗಡಿ, ವೆಬ್‌ಸೈಟ್, ಆನ್‌ಲೈನ್ ಮಾರಾಟ ತಾಣ, ಸಾಮಾಜಿಕ ಜಾಲತಾಣ, ಪ್ರದರ್ಶನದ ಪೋಸ್ಟರ್‌ಗಳಲ್ಲಿ ಎಲ್ಲ ದೇಶಗಳಲ್ಲಿ ಹತ್ತು ವರ್ಷ ಬಳಸಬಹುದು. ಮಾಡೆಲ್, ಮೇಕಪ್ ಕಲಾವಿದರು ತಮ್ಮ ಪೋರ್ಟ್‌ಫೋಲಿಯೊದಲ್ಲಿ ಬಳಸಬಹುದು. ಬೇರೆ ಯಾವ ಬ್ರ್ಯಾಂಡಿಗೂ ಯಾರೂ ಕೊಡುವಂತಿಲ್ಲ. ಯಾರೂ ಫಿಲ್ಟರ್ ಹಾಕುವಂತಿಲ್ಲ, ಉಡುಪಿನ ಬಣ್ಣ ಬದಲಿಸುವಂತಿಲ್ಲ. ಎಲ್ಲ ಪೋಸ್ಟ್‌ನಲ್ಲೂ ಎಲ್ಲರ ಹೆಸರು. ಉಡುಪು ಅದೇ ದಿನ ಡಿಸೈನರ್ ಕೈಗೆ ವಾಪಸ್. ಹಾಳಾದರೆ ಪಟ್ಟಿಯಲ್ಲಿ ಬರೆದ ಬೆಲೆಯ ಅರ್ಧ, ಹಾಳು ಮಾಡಿದವರಿಂದ.’

ಇದರಲ್ಲಿ ಕೊನೆಯ ಸಾಲು ಬರೆಯಲು ಸಂಕೋಚವಾಗುತ್ತದೆ, ಗೊತ್ತು. ಬರೆಯಿರಿ. ಅರ್ಧ ಬೆಲೆ ವಸೂಲಿ ಮಾಡುವುದು ಬಿಡುವುದು ಆಮೇಲಿನ ಮಾತು; ಬೆಲೆ ಬರೆದಿದ್ದಾಗ ಸೆಟ್‌ನಲ್ಲಿ ಯಾರೂ ಉಡುಪನ್ನು ಬೈಕಿನ ಮೇಲೆ ಎಸೆಯುವುದಿಲ್ಲ. ಮಾಡೆಲ್‌ಗೆ 18 ತುಂಬಿಲ್ಲದಿದ್ದರೆ ಅವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ, ತಂದೆಯೋ ತಾಯಿಯೋ ಸಹಿ ಮಾಡಬೇಕು, ಶೂಟ್‌ನಲ್ಲೂ ಜೊತೆಗಿರಬೇಕು. ದೊಡ್ಡವರಾದರೂ ಬಾಗಿಲು ಹಾಕಿಕೊಳ್ಳಬಹುದಾದ ಬಟ್ಟೆ ಬದಲಿಸುವ ಕೋಣೆ, ಜೊತೆಗೆ ಒಬ್ಬ ಹೆಂಗಸು, ಇದು ನಿಮ್ಮ ಹೊಣೆ.

ಪತ್ರಿಕೆಗೆ ಕಳಿಸುವ ವಿಚಾರ ಮೊದಲೇ ಕೇಳಿಕೊಳ್ಳಿ. ಹಲವು ಫ್ಯಾಷನ್ ಪತ್ರಿಕೆಗಳು ಎಲ್ಲೂ ಬರದ ಫೋಟೋಗಳನ್ನೇ ಕೇಳುತ್ತವೆ. ಫೋಟೋಗ್ರಾಫರ್ ಕಳಿಸಿ ಕೂತರೆ ಉತ್ತರ ಬರುವವರೆಗೆ ನೀವು ಒಂದೂ ಹಾಕುವಂತಿಲ್ಲ, ದಸರೆಗೆಂದು ಹೊಲಿದದ್ದು ದೀಪಾವಳಿ ದಾಟಿದರೂ ಪೆಟ್ಟಿಗೆಯಲ್ಲೇ ಇರುತ್ತದೆ. ಪರಿಹಾರ ಸುಲಭ: ಸಂಜೆಯ ಕ್ರಿಯೇಟಿವ್ ಫೋಟೋಗಳನ್ನು ಮಾತ್ರ ಕಳಿಸಲಿ, ಅವನ್ನು ಆರು ವಾರ ಯಾರೂ ಹಾಕದಿರಲಿ, ಕ್ಯಾಟಲಾಗ್ ಅದರ ಪಾಡಿಗೆ ಹೊರಬರಲಿ.

ಎಡಿಟಿಂಗ್‌ಗೆ ಒಂದೇ ಕೋರಿಕೆ ಸಾಕು: ಚರ್ಮ ನಯ ಮಾಡುವ ಕೈ ಬಟ್ಟೆಯ ಮೇಲೆ ಹರಿಯದಿರಲಿ. ರಫೂ, ಗಂಟು, ಸ್ವಲ್ಪ ಸೊಟ್ಟ ಕೈಹೊಲಿಗೆ ಇವನ್ನು ‘ದೋಷ’ ಎಂದು ಅಳಿಸಿ ಕಳಿಸುವವರಿದ್ದಾರೆ. ಜನಪ್ರಿಯ ಪ್ರಿಸೆಟ್‌ಗಳು (ಒಂದೇ ಒತ್ತಿಗೆ ಬಣ್ಣ ಬದಲಿಸುವ ಸಿದ್ಧ ಎಡಿಟಿಂಗ್) ಕೆಂಪನ್ನು ಕಿತ್ತಳೆ ಮಾಡುತ್ತವೆ. ಮೊದಲ ಎರಡು ಫೋಟೋ ಬಂದಾಗ ಉಡುಪನ್ನೇ ಕಿಟಕಿಯ ಬಳಿ ಹಿಡಿದು, ಫೋನ್ ಪಕ್ಕಕ್ಕಿಟ್ಟು ಹೋಲಿಸಿ, ಉಳಿದ 46ಕ್ಕೆ ಆಮೇಲೆ ಒಪ್ಪಿಗೆ ಕೊಡಿ. ಇನ್‌ಸ್ಟಾಗ್ರಾಂಗೆ 1080 ಬೈ 1350ರ ಒಂದು ಪ್ರತಿ, ಅಂಗಡಿಯ ಪುಟಕ್ಕೆ ಉದ್ದ ಬದಿ 2000 ಪಿಕ್ಸೆಲ್‌ನ ಇನ್ನೊಂದು ಪ್ರತಿ ಕೇಳಿ.

ಫೋಟೋದ ಕೆಳಗೆ ಬರೆಯುವ ಸಾಲಿನಲ್ಲೂ ಜೋಕೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2024ರ ಮಾರ್ಗಸೂಚಿಗಳು ‘ಪರಿಸರಸ್ನೇಹಿ’, ‘ಹಸಿರು’ ಎಂಬಂಥ ಮಾತುಗಳನ್ನು ವಿವರ, ಆಧಾರ ಇಲ್ಲದೆ ಬಳಸಬಾರದು ಎನ್ನುತ್ತವೆ. ‘100% ರೀಸೈಕಲ್’ ಅಂತ ಉತ್ಸಾಹದಲ್ಲಿ ಮಾಡೆಲ್ಲೋ ಫೋಟೋಗ್ರಾಫರೋ ಬರೆದುಬಿಡುತ್ತಾರೆ. ನಿಮ್ಮ ದಾರ, ಜಿಪ್, ಅಸ್ತರ್ ಹೊಸವು. ‘ಮೇಲ್ಬಟ್ಟೆ ಪೂರ್ತಿ ಹಳೇ ಇಳಕಲ್ ಸೀರೆ, ಅಸ್ತರ್ ಹೊಸ ಹತ್ತಿ, ದಾರ ಜಿಪ್ ಹೊಸದು’ ಎಂದು ನೀವೇ ಬರೆದು ಎಲ್ಲರಿಗೂ ಕಳಿಸಿ, ಅದನ್ನೇ ಅಂಟಿಸಿಕೊಳ್ಳಲಿ. ಜೊತೆಗೆ ಮಾಡೆಲ್‌ನ ಎತ್ತರ, ಎದೆ, ಉಡುಪಿನ ಅಳತೆ. ಪೋಸ್ಟ್ ಹಾಕಿದ್ದಕ್ಕೆ ಬದಲಾಗಿ ಮಾಡೆಲ್‌ಗೆ ಒಂದು ಜಾಕೆಟ್ ಉಡುಗೊರೆ ಕೊಟ್ಟರೆ ಅದು ಪ್ರತಿಫಲವೇ. ಅಂಥ ಸಂಬಂಧವನ್ನು ಪೋಸ್ಟ್‌ನಲ್ಲಿ ಕಾಣುವಂತೆ ಹೇಳಬೇಕೆಂದು 2022ರ ಜಾಹೀರಾತು ಮಾರ್ಗಸೂಚಿಗಳಲ್ಲಿದೆ.

ಶೂಟ್ ಮುಗಿದ ರಾತ್ರಿ ಬಟ್ಟೆಗಳನ್ನು ಮಡಚಿ ಪೆಟ್ಟಿಗೆಗೆ ತುಂಬಬೇಡಿ. ಬೆವರ ತೇವ ಆರಲು ಬೆಳಗಾಗುವ ತನಕ ಗಾಳಿಗೆ ಹಾಕಿ. ಕೌದಿ ಜಾಕೆಟ್ ಭಾರ, ಹ್ಯಾಂಗರ್‌ಗೆ ನೇತು ಹಾಕಿದರೆ ಭುಜ ಎಳೆಯುತ್ತದೆ, ಚಾಪೆಯ ಮೇಲೆ ಹರಡಿ. ಬೆಳಿಗ್ಗೆ ಗ್ರೂಪಿನ ಹಳೇ ಫೋಟೋಗಳ ಜೊತೆ ಹೋಲಿಸಿ ನೋಡಿ, ಏನಾದರೂ ಆಗಿದ್ದರೆ ಅವತ್ತೇ ತಿಳಿಸಿ. ವಾರ ಬಿಟ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ.

ನಿಮ್ಮ ಫೋಟೋಗ್ರಾಫರ್ ಮೇಲಿನ ಸಂದೇಶಕ್ಕೆ ಒಪ್ಪದೆ ‘ಇಷ್ಟೆಲ್ಲ ಯಾಕೆ, ನಂಬಿಕೆ ಇಲ್ವಾ’ ಅಂದರೆ ಆರು ಕೊಡಬೇಡಿ. ಹೊಸ ಚಿಂದಿಯಿಂದ ಮಾಡಿದ, ಮತ್ತೆ ಹೊಲಿಯಬಹುದಾದ ಒಂದೇ ಕುರ್ತಾ ಕೊಟ್ಟು ಒಂದು ಗಂಟೆಯ ಶೂಟ್ ಇಟ್ಟುಕೊಳ್ಳಿ. ಫೋಟೋ ಎಷ್ಟು ದಿನಕ್ಕೆ ಬರುತ್ತವೆ, ಬಣ್ಣ ಹೇಗಿರುತ್ತದೆ, ಕುರ್ತಾ ಯಾವ ಸ್ಥಿತಿಯಲ್ಲಿ ವಾಪಸ್ ಬರುತ್ತದೆ ನೋಡಿ. ಇನ್ನು ಹಬ್ಬಕ್ಕೆ ಮುಂಚೆ ನಲವತ್ತು ಪೀಸ್ ಅಂಗಡಿಗೆ ಏರಿಸಬೇಕಾದ ತುರ್ತು ಇದ್ದರೆ ಕೊಲ್ಯಾಬ್ ಬಿಡಿ. ಅದು ಕೂಲಿ ಕೊಟ್ಟು ಮಾಡಿಸುವ ಕೆಲಸ. ದಿನದ ದರ ಮಾತಾಡಿ, ಬಿಲ್ ಪಡೆದು ಮಾಡಿಸಿ.